ಮನೆಯೊಳಗಿನ ಹೆಬ್ಬಾವಿಗೂ ಕಾಗದ ಬೇಕು

(ಯೆರವಡಾದಲ್ಲಿ ನಡೆದ ನಮ್ಮ ಕನ್ನಡ ಮಾತುಕತೆಯ ವಿಡಿಯೊದ ಬರಹರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)



ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ಖುಷಿ ಆಯ್ತು. ಹಿಂಜವಡಿಯಿಂದ ಬಂದವರೂ ಇದ್ದೀರಿ ಅಂತ ಗೊತ್ತಾಯ್ತು. ಅಲ್ಲಿಂದ ಯೆರವಡಾಕ್ಕೆ ಬರೋದು ಅಂದ್ರೆ ಸಿಲ್ಕ್ ಬೋರ್ಡ್ ದಾಟಿ ಹೆಬ್ಬಾಳಕ್ಕೆ ಹೋದಷ್ಟೇ ಸಾಹಸ. ಅದಕ್ಕೇ ನಾನು ಸುತ್ತಿಬಳಸದೆ ವಿಷಯಕ್ಕೆ ಬರ್ತೀನಿ.

ನನ್ನ ಬಗ್ಗೆ ಎರಡೇ ಮಾತು. ಊರು ರಾಣೆಬೆನ್ನೂರು ಕಡೆ. ಪುಣೆಗೆ ಬಂದು ಹನ್ನೊಂದು ವರ್ಷ. ಏರ್‌ಪೋರ್ಟ್ ರಸ್ತೆಯ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಮನೇಲಿ ಹೆಂಡತಿ, ಮಗಳು, ಒಂದು ಬಾಲ್ ಪೈಥಾನ್. ಆಫ್ರಿಕಾ ಮೂಲದ ಸಣ್ಣ ಜಾತಿಯ ಹೆಬ್ಬಾವು ಅದು, ವಿಷ ಇಲ್ಲ, ಹೆದರಿದ್ರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತೆ. 2018ರಲ್ಲಿ ಸಹೋದ್ಯೋಗಿಯೊಬ್ಬರು ಅಮೆರಿಕಕ್ಕೆ ಹೋಗುವಾಗ ನನ್ನ ಕೈಗೆ ಕೊಟ್ಟು ಹೋದರು. ಮಗಳು ಅದಕ್ಕೆ ಗುಂಡ ಅಂತ ಹೆಸರಿಟ್ಟಿದ್ದಾಳೆ.

(ನಗು)

ಇವತ್ತಿನ ಮಾತು ಗುಂಡನ ಬಗ್ಗೆ ಅಲ್ಲ. ಗುಂಡನಂಥ ಪ್ರಾಣಿಗಳನ್ನ ಸಾಕುವವರ ಮೇಲೆ ಕಾಯ್ದೆ ಹೇಗೆ ಬಂತು, ಯಾಕೆ ಬಂತು, ಬಂದ ಮೇಲೆ ನಮ್ಮಂಥವರಿಗೆ ಏನಾಯ್ತು ಅನ್ನೋದರ ಬಗ್ಗೆ. ಈ ಸಭೇಲಿ ಹಾವು ಸಾಕೋರು ಒಬ್ಬಿಬ್ಬರು ಇರಬಹುದು. ಆದ್ರೆ ಆಮೆ? ಗಿಣಿ? ಕೈ ಎತ್ತಬೇಡಿ, ಪರವಾಗಿಲ್ಲ, ವಿಡಿಯೊ ಆಗ್ತಿದೆ. ಮಾತು ಮುಗಿಯೋ ಹೊತ್ತಿಗೆ ಯಾಕೆ ಕೈ ಎತ್ತಬೇಡಿ ಅಂದೆ ಅಂತ ಗೊತ್ತಾಗುತ್ತೆ.

ನಮ್ಮಲ್ಲಿ ಮೇಳ ಎಲ್ಲಿ ನಡೆಯುತ್ತೆ?

ಜರ್ಮನಿಯಲ್ಲಿ ಹಾಮ್ ಅಂತ ಒಂದು ಊರಿದೆ. ಅಲ್ಲಿ ವರ್ಷಕ್ಕೆ ಹಲವು ಸಲ ‘ಟೆರಾರಿಸ್ಟಿಕಾ’ ಅನ್ನೋ ಸರೀಸೃಪಗಳ ಮೇಳ ನಡೆಯುತ್ತೆ. ಹಾವು, ಹಲ್ಲಿ, ಆಮೆ, ಕಪ್ಪೆ ಸಾಕುವವರಿಗೆ ಅದು ಸಿದ್ಧಾರೂಢರ ಜಾತ್ರೆ ಇದ್ದ ಹಾಗೆ. ಯುರೋಪಿನ ಎಲ್ಲಾ ಕಡೆಯಿಂದ ಜನ ಬರ್ತಾರೆ. ಅಮೆರಿಕದಲ್ಲೂ ವಾರಾಂತ್ಯಕ್ಕೆ ಒಂದಲ್ಲ ಒಂದು ಊರಲ್ಲಿ ರೆಪ್ಟೈಲ್ ಎಕ್ಸ್‌ಪೋ ಇರುತ್ತೆ. ಆನ್‌ಸೈಟ್ ಹೋದವರು ನೋಡಿರಬಹುದು. ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸಾಲಾಗಿ ಹಾವಿನ ಮರಿ, ಮೇಲೆ ಬೆಲೆ ಚೀಟಿ.

ನಮ್ಮ ದೇಶದಲ್ಲಿ ಅಂಥದ್ದಿಲ್ಲ. ಇಲ್ಲಿ ಪೆಟ್ ಫೆಸ್ಟ್‌ಗಳು ನಡೆಯುತ್ತವೆ, ಅವು ನಾಯಿ, ಬೆಕ್ಕಿನ ಹಬ್ಬ. ಕೆಲವು ವರ್ಷಗಳ ಹಿಂದೆ ಅಂಥ ಮೇಳದ ಮೂಲೆಯಲ್ಲಿ ಒಬ್ಬ ಇಗುವಾನಾ ಹಿಡಕೊಂಡು ನಿಂತಿರ್ತಿದ್ದ. ಹೆಗಲ ಮೇಲೆ ಇಟ್ಟುಕೊಂಡು ಫೋಟೊ ತೆಗೆಸಿಕೊಳ್ಳೋಕೆ ದುಡ್ಡು, ಬೇಕಾದ್ರೆ ಮರಿ ಕೊಡ್ತೀನಿ ಅಂತ ಒಂದು ಫೋನ್ ನಂಬರ್. ನಿಜವಾದ ಮೇಳ ನಡೀತಿದ್ದದ್ದು ಆ ನಂಬರಿನ ಆಚೆ, ವಾಟ್ಸಾಪ್‌ನಲ್ಲಿ. ದುಡ್ಡು ಹಾಕಿದ್ರೆ ಪ್ರಾಣಿ ಬಸ್ಸಿನ ಡಿಕ್ಕಿಯಲ್ಲಿ ಡಬ್ಬಿಯೊಳಗೆ ಬರ್ತಿತ್ತು. ರಸೀದಿ ಕೇಳಿದ್ರೆ ನಗ್ತಿದ್ರು. ಈಚೆಗೆ ನಾನು ಹೋದ ಮೇಳಗಳಲ್ಲಿ ಆ ಮೂಲೆ ಕಾಣಲಿಲ್ಲ. ಅದು ಯಾಕೆ ಮಾಯವಾಯ್ತು ಅಂತ ಹೇಳೋಕೆ ಸ್ವಲ್ಪ ಕಾಯ್ದೆ ಹೇಳಬೇಕು. ಐದು ನಿಮಿಷ ಸಹಿಸಿಕೊಳ್ಳಿ.

2022ಕ್ಕೆ ಮೊದಲು, 2022ರ ನಂತರ

ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಅದು ನಮ್ಮ ದೇಶದ ಪ್ರಾಣಿಗಳಿಗೆ ಮಾಡಿದ ಕಾಯ್ದೆ. ನಾಗರಹಾವು, ಉಡ, ನಕ್ಷತ್ರ ಆಮೆ, ಗಿಣಿ ಇವೆಲ್ಲ ಅದರ ಪಟ್ಟಿಯಲ್ಲಿ ಬರ್ತವೆ. ಹಿಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ, ಮನೇಲಿ ಇಟ್ಟುಕೊಳ್ಳೋ ಹಾಗಿಲ್ಲ.

ಹೊರದೇಶದ ಪ್ರಾಣಿಗಳ ಕಥೆ ಬೇರೆ. ಅವುಗಳ ವ್ಯಾಪಾರಕ್ಕೆ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಇದೆ. 1973ರಲ್ಲಿ ಸಹಿ ಆದದ್ದು, 1975ರಿಂದ ಜಾರಿ, ಭಾರತ 1976ರಲ್ಲಿ ಸೇರಿತು. ಅದರಲ್ಲಿ ಮೂರು ಪಟ್ಟಿಗಳು. ಅಳಿವಿನ ಅಂಚಿನಲ್ಲಿರೋವು ಮೊದಲನೇ ಪಟ್ಟಿಯಲ್ಲಿ, ವ್ಯಾಪಾರದ ಮೇಲೆ ಕಣ್ಣಿಡದಿದ್ರೆ ಅಳಿವಿನ ಕಡೆ ಹೋಗಬಹುದಾದವು ಎರಡನೇದರಲ್ಲಿ, ಯಾವುದೋ ಒಂದು ದೇಶ ನಮಗೆ ಸಹಾಯ ಮಾಡಿ ಅಂತ ಕೇಳಿಕೊಂಡು ಸೇರಿಸಿದವು ಮೂರನೇದರಲ್ಲಿ. ನಮ್ಮ ಗುಂಡ, ಮತ್ತೆ ಹಸಿರು ಇಗುವಾನಾ, ಎರಡೂ ಎರಡನೇ ಪಟ್ಟಿಯವು.

ಒಪ್ಪಂದಕ್ಕೆ ಸೇರಿದ್ದೇನೋ ಸರಿ. ಆದ್ರೆ ದೇಶದೊಳಗಿನ ಕಾಯ್ದೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಹಾಗಾಗಿ ಏನಾಗ್ತಿತ್ತು? ಹೊರದೇಶದ ಹಾವನ್ನ ಕಸ್ಟಮ್ಸ್‌ನವರು ವಿಮಾನ ನಿಲ್ದಾಣದಲ್ಲಿ ಹಿಡಿದ್ರೆ ಹಿಡಿದ ಹಾಗೆ. ಗೇಟು ದಾಟಿ ಟ್ಯಾಕ್ಸಿ ಹತ್ತಿತು ಅಂದ್ರೆ ಅರಣ್ಯ ಇಲಾಖೆಯವರ ಕೈಯಲ್ಲಿ ಹೆಚ್ಚಿನ ಅಸ್ತ್ರ ಇರಲಿಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಲಾಗಿನ್ ಪೇಜಿಗೆ ಮಾತ್ರ ಸೆಕ್ಯುರಿಟಿ, ಒಳಗೆ ಬಂದ ಮೇಲೆ ಎಲ್ಲರೂ ಅಡ್ಮಿನ್.

2020ರ ಜೂನ್‌ನಲ್ಲಿ ಪರಿಸರ ಸಚಿವಾಲಯ ಒಂದು ಅವಕಾಶ ಕೊಟ್ಟಿತು. ಇಂಥ ವಿದೇಶಿ ಪ್ರಾಣಿ ಇದ್ರೆ ಆರು ತಿಂಗಳೊಳಗೆ ತಾವಾಗಿಯೇ ಹೇಳಿಕೊಳ್ಳಿ, ಕಾಗದ ಪತ್ರ ಕೇಳಲ್ಲ ಅಂತ. ದೇಶದಾದ್ಯಂತ ಸಾವಿರಾರು ಜನ ಹೇಳಿಕೊಂಡರು. ಲಾಕ್‌ಡೌನ್ ಟೈಮು, ನಾನೂ ಮನೇಲಿ ಕೂತು ಗುಂಡನ ಅರ್ಜಿ ತುಂಬಿದೆ.

ಆಮೇಲೆ ದೊಡ್ಡ ಬದಲಾವಣೆ. 2022ರ ಡಿಸೆಂಬರ್‌ನಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ಮಾಡಿತು, 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಪಟ್ಟಿಗಳನ್ನ ನಾಲ್ಕಕ್ಕೆ ಇಳಿಸಿದರು, ನಾಲ್ಕನೇದು ಪೂರ್ತಿ ಸೈಟಿಸ್ ಪ್ರಾಣಿಗಳಿಗೆ. ಈ ಪ್ರಾಣಿ ಜೀವಂತ ಇದ್ರೆ ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸಬೇಕು. ಮರಿ ಹಾಕಿದ್ರೆ ತಿಳಿಸಬೇಕು, ಸತ್ರೆ ತಿಳಿಸಬೇಕು, ಬೇರೆಯವರಿಗೆ ಕೊಟ್ರೆ ತಿಳಿಸಬೇಕು. ಮೊದಲನೇ ಪಟ್ಟಿಯ ಪ್ರಾಣಿಗಳ ಮರಿ ಮಾಡಿಸಬೇಕು ಅಂದ್ರೆ ಲೈಸೆನ್ಸ್ ಬೇಕು. ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಆ ದಂಡದ ಮಿತಿ ಮೊದಲು 25 ಸಾವಿರ ರೂಪಾಯಿ ಇತ್ತು, ಈಗ 1 ಲಕ್ಷ.

ಇದನ್ನ ಜಾರಿ ಮಾಡೋ ನಿಯಮಗಳು 2024ರ ಫೆಬ್ರವರಿ ಕೊನೆಗೆ ಬಂದವು. ಆರು ತಿಂಗಳು ಟೈಮು. ಪರಿವೇಶ್ 2.0 ಅನ್ನೋ ಪೋರ್ಟಲ್‌ನಲ್ಲಿ ಅರ್ಜಿ. ಆಗಸ್ಟ್ ಕೊನೆಗೆ ಬಾಗಿಲು ಮುಚ್ಚುತ್ತೆ.

ಇಲ್ಲಿಂದ ಶುರು ನೋಡಿ ನಿಜವಾದ ಕಥೆ.

ಆಗಸ್ಟ್ 2024

ನಮ್ಮ ಹವ್ಯಾಸಿಗಳ ಒಂದು ವಾಟ್ಸಾಪ್ ಗುಂಪಿತ್ತು. ಪುಣೆ, ಮುಂಬೈ, ಬೆಂಗಳೂರಿನವರು. ಹಾವಿಗೆ ಪೊರೆ ಸರಿಯಾಗಿ ಬಿಡ್ತಿಲ್ಲ ಏನು ಮಾಡೋದು, ಇಗುವಾನಾಕ್ಕೆ ಯಾವ ಸೊಪ್ಪು, ಯಾವ ಡಾಕ್ಟರು ಸರೀಸೃಪ ನೋಡ್ತಾರೆ, ಇಂಥ ಮಾತುಗಳು. ಜುಲೈ ಬರೋ ಹೊತ್ತಿಗೆ ಗುಂಪಿನ ತುಂಬ ಒಂದೇ ಸಾಲು: ‘ಇಂಥವರು ಗುಂಪು ಬಿಟ್ಟಿದ್ದಾರೆ.’ ಡಿಪಿಯಲ್ಲಿ ಹಾವಿನ ಜೊತೆ ಇದ್ದವರು ಗಣಪತಿ ಫೋಟೊ ಹಾಕಿದರು. ಯಾರೋ ಒಬ್ಬರು, ಪೊಲೀಸರು ಗುಂಪಿನೊಳಗೆ ಇದ್ದಾರಂತೆ ಅಂತ ಒಂದು ಧ್ವನಿ ಸಂದೇಶ ಹಾಕಿದ್ರು. ಅಷ್ಟೇ, ಗುಂಪು ಖಾಲಿ.

ಜನ ಹೆದರಿದ್ದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಕನ್ನಡ ಮನೆಯೊಳಗಿಂದಲೇ ಒಬ್ಬ ಸ್ಪರ್ಧಿಯನ್ನ ಹುಲಿ ಉಗುರಿನ ಪೆಂಡೆಂಟ್ ಹಾಕಿದ್ದಕ್ಕೆ ಅರಣ್ಯ ಇಲಾಖೆಯವರು ಬಂಧಿಸಿದ್ದರು. ಅದಾದ ಮೇಲೆ ನಮ್ಮೂರುಗಳಲ್ಲಿ ಎಷ್ಟು ಜನ ಅಜ್ಜನ ಪೆಟ್ಟಿಗೆ ತೆಗೆದು ನೋಡಿದ್ರು ಅಂತ ನಿಮಗೇ ಗೊತ್ತು.

ಆಗಸ್ಟ್ ಮೂರನೇ ವಾರ ನನಗೊಂದು ಫೋನು ಬಂತು. ದಾವಣಗೆರೆ ಕಡೆಯ ಹುಡುಗ, ವಿಶ್ರಾಂತವಾಡಿಯಲ್ಲಿ ನಾಲ್ಕು ಜನ ಸೇರಿ ಫ್ಲ್ಯಾಟ್ ಮಾಡಿಕೊಂಡಿದ್ದಾರೆ. ಅವನ ಹತ್ರ ಒಂದು ಇಗುವಾನಾ. ತಂದಾಗ ಅಂಗೈಯಗಲ, ಈಗ ಬಾಲ ಸೇರಿ ನಾಲ್ಕಡಿ. ಕಾಗದ ಯಾವುದೂ ಇಲ್ಲ. 2020ರಲ್ಲಿ ಅವನಿನ್ನೂ ಕಾಲೇಜಿನಲ್ಲಿದ್ದ. ರೂಮ್‌ಮೇಟ್‌ಗಳು, ನಿನ್ನಿಂದ ನಮಗೂ ಕೇಸ್ ಆಗುತ್ತೆ, ಮೊದಲು ಇದನ್ನ ತೆಗಿ ಅಂತ ಕೂತಿದ್ದಾರೆ.

ಅವನು ಕೇಳಿದ್ದು ಇಷ್ಟೇ: “ಅಣ್ಣಾ, ರಾತ್ರಿ ಹೋಗಿ ಸಲೀಂ ಅಲಿ ಹತ್ರ ಹೊಳೆ ದಂಡೇಲಿ ಬಿಟ್ಟುಬಿಡ್ಲಾ? ಅಲ್ಲಿ ಗಿಡ ಮರ ಐತಲ್ಲ, ಬದುಕ್ಕೊಳ್ಳುತ್ತೆ.”

ನಿಮಗೆ ಗೊತ್ತಿರೋ ಜಾಗ. ಇಲ್ಲೇ ಯೆರವಡಾ, ಕಲ್ಯಾಣಿ ನಗರದ ಮಗ್ಗುಲಲ್ಲಿ ಮುಳಾ ಮುಠಾ ಹೊಳೆ ದಂಡೆ. ಸಲೀಂ ಅಲಿ ಅವರ ಹೆಸರಿಟ್ಟ ಪಕ್ಷಿಗಳ ತಾಣ. ಚಳಿಗಾಲಕ್ಕೆ ಬಾತುಗಳು ಬರೋ ಜಾಗ.

ನಾನು ಅವನಿಗೆ ಹೇಳಿದೆ, ತಮ್ಮಾ, ಎರಡರಲ್ಲಿ ಒಂದಾಗುತ್ತೆ. ಒಂದೋ ಅದು ಸಾಯುತ್ತೆ. ಮಧ್ಯ ಅಮೆರಿಕದ ಮಳೆಕಾಡಿನ ಪ್ರಾಣಿ ಅದು, ಪುಣೆಯ ಡಿಸೆಂಬರ್ ರಾತ್ರಿ ತಡೆಯಲ್ಲ, ನಾಯಿಗಳ ಬಾಯಿಗೆ ಸಿಗುತ್ತೆ. ಇಲ್ಲಾ ಬದುಕುತ್ತೆ, ಅದು ಇನ್ನೂ ಕೆಟ್ಟದ್ದು. ಫ್ಲೋರಿಡಾದಲ್ಲಿ ಸಾಕಿದವರು ಬಿಟ್ಟ ಬರ್ಮೀಸ್ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗುಕಾಡಿನಲ್ಲಿ ಸಂಸಾರ ಹೂಡಿ, ಅಲ್ಲಿನ ಸಣ್ಣ ಪ್ರಾಣಿಗಳನ್ನ ನುಂಗಿ ಹಾಕ್ತಿವೆ. ದೂರ ಯಾಕೆ, ನಮ್ಮಲ್ಲಿ ಅಕ್ವೇರಿಯಂ ಅಂಗಡಿಯಲ್ಲಿ ನಾಣ್ಯದಷ್ಟಗಲದ ಹಸಿರು ಆಮೆ ಮರಿ ಮಾರ್ತಾರಲ್ಲ, ಕಿವಿ ಹತ್ರ ಕೆಂಪು ಪಟ್ಟಿ ಇರೋದು? ಅದೇ ರೆಡ್ ಇಯರ್ಡ್ ಸ್ಲೈಡರ್. ಊಟದ ತಟ್ಟೆಯಷ್ಟಾಗುತ್ತೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತೆ. ಟಬ್ಬಿನಲ್ಲಿ ಹಿಡಿಸದೇ ಹೋದಾಗ ಜನ ಪುಣ್ಯ ಬರುತ್ತೆ ಅಂತ ಕೆರೆಗೋ ಗುಡಿಯ ಕಲ್ಯಾಣಿಗೋ ಬಿಡ್ತಾರೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಕೆರೆಯ ಆಮೆಗಳ ಅನ್ನಕ್ಕೆ, ಜಾಗಕ್ಕೆ ಅದು ಪೈಪೋಟಿ.

ಆ ಹುಡುಗ ಆ ರಾತ್ರಿ ಹೊಳೆಗೆ ಹೋಗಲಿಲ್ಲ. ನಮ್ಮನೆಗೆ ಬಂದ. ಇಬ್ಬರೂ ಕೂತು ಪೋರ್ಟಲ್ ತೆರೆದ್ವಿ. ಸರ್ಕಾರಿ ಪೋರ್ಟಲ್, ಕೊನೇ ವಾರ, ಗೊತ್ತಲ್ಲ. ಒಂದು ಸಲ ಸೆಷನ್ ಹೋಗುತ್ತೆ, ಇನ್ನೊಂದು ಸಲ ಫೋಟೊ ಹತ್ತಲ್ಲ. ನಾನು ವೃತ್ತಿಯಿಂದ ಟೆಸ್ಟರ್, ಡಿಫೆಕ್ಟ್ ಬರೆದುಕೊಳ್ಳೋಕೆ ಕೈ ತುರಿಸ್ತಿತ್ತು. ರಾತ್ರಿ ಒಂದೂವರೆಗೆ ಅರ್ಜಿ ಹೋಯ್ತು. ಎಲ್ಲಿಂದ ಬಂತು ಅನ್ನೋ ಜಾಗದಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಿದೆ.

ಅವನ ಮುಖದಲ್ಲಿ ಆವತ್ತು ಕಂಡ ಭಯ ಇದೆಯಲ್ಲ, ನನ್ನ ಇವತ್ತಿನ ಮಾತಿಗೆ ಅದೇ ಕಾರಣ. ಆ ಭಯಕ್ಕೆ ಯಾರೂ ಫೋನ್ ಎತ್ತಿರದಿದ್ರೆ ಒಂದು ಪ್ರಾಣಿ ಹೊಳೆಗೆ ಹೋಗ್ತಿತ್ತು. ಎಷ್ಟು ಹೋಗಿವೆಯೋ.

ಹಾಗಾದ್ರೆ ಕಾಯ್ದೆ ತಪ್ಪಾ?

ಅಲ್ಲ. ಇಲ್ಲಿ ನನ್ನ ಹವ್ಯಾಸಿ ಗೆಳೆಯರಿಗೂ ನನಗೂ ಜಗಳ ಇದೆ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಲೆಕ್ಕ ಕೇಳಿ. 2023ರ ಜನವರಿಯಲ್ಲಿ ಬ್ಯಾಂಕಾಕಿನಿಂದ ಬಂದವರ ಚೀಲದಲ್ಲಿ 18 ಪ್ರಾಣಿ ಸಿಕ್ಕವು. ಡಿಆರ್‌ಐನವರು, ಅಂದ್ರೆ ಕಂದಾಯ ಗುಪ್ತಚರದವರು, ಅದೇ ಜಾಡು ಹಿಡಿದು ಬೆಂಗಳೂರಿನ ಒಂದು ಫಾರ್ಮ್‌ಹೌಸ್‌ಗೆ ಹೋದ್ರೆ ಅಲ್ಲಿ 139 ಪ್ರಾಣಿಗಳು. ಅನಕೊಂಡಾ, ಇಗುವಾನಾ, ಗೋಸುಂಬೆ, ಹೆಬ್ಬಾವು. ಎಲ್ಲವನ್ನೂ ಬನ್ನೇರುಘಟ್ಟಕ್ಕೆ ಕಳಿಸಬೇಕಾಯ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಒಬ್ಬ ಪ್ರಯಾಣಿಕನ ಟ್ರಾಲಿ ಬ್ಯಾಗಿನಲ್ಲಿ 234 ಜೀವಿಗಳು, ಅದರಲ್ಲೊಂದು ಕಾಂಗರೂ ಮರಿ. ಮರಿ ಸತ್ತಿತ್ತು. ಸೆಪ್ಟೆಂಬರ್‌ನಲ್ಲಿ ಯಾರೂ ತೆಗೆದುಕೊಳ್ಳದೆ ಬಿಟ್ಟು ಹೋದ ಬ್ಯಾಗ್: 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಕೋತಿ. ಆರೂ ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಸೂಟ್‌ಕೇಸಿನಲ್ಲಿ 10 ಹಳದಿ ಅನಕೊಂಡಾ. ನಮ್ಮ ಪಕ್ಕದ ಮುಂಬೈಯಲ್ಲಿ 2025ರ ಜೂನ್‌ನಲ್ಲಿ ಥಾಯ್ಲೆಂಡಿನಿಂದ ಬಂದವನ ಚೀಲದಲ್ಲಿ 47 ವಿಷದ ಹಾವು, 5 ಆಮೆ.

ಐವತ್ತೈದು ಬಾಲ್ ಪೈಥಾನ್ ಯಾರಿಗೆ ಬರ್ತಿದ್ದವು? ಕಾಡಿಗಲ್ಲ, ಮೃಗಾಲಯಕ್ಕಲ್ಲ. ನನ್ನಂಥವರ ಮನೆಗೆ. ರೀಲ್ಸ್ ಮಾಡೋರ ಮನೆಗೆ. ನಾವು ಕೊಳ್ಳದಿದ್ರೆ ಆ ಸೂಟ್‌ಕೇಸ್ ಹಾರಲ್ಲ. ಇದನ್ನ ಒಪ್ಪದೆ ‘ನಾವು ಪ್ರಾಣಿಪ್ರಿಯರು, ನಮ್ಮನ್ಯಾಕೆ ಹಿಡೀತೀರಿ’ ಅಂದ್ರೆ ಅದಕ್ಕೆ ಅರ್ಥ ಇಲ್ಲ.

ನಮ್ಮದೇ ಆಮೆ

ವಿದೇಶಿ ಪ್ರಾಣಿ ಬಿಡಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಆಚೆಗೆ ಅನಂತಪುರ, ಮದನಪಲ್ಲಿ ಕಡೆಯ ಕುರುಚಲು ಕಾಡಿನಲ್ಲಿ ನಕ್ಷತ್ರ ಆಮೆ ಇದೆ. ಚಿಪ್ಪಿನ ಮೇಲೆ ನಕ್ಷತ್ರ ಬಿಡಿಸಿದ ಹಾಗಿರುತ್ತೆ. ಮನೇಲಿದ್ರೆ ಲಕ್ಷ್ಮಿ ಬರ್ತಾಳೆ, ವಾಸ್ತು ಸರಿ ಆಗುತ್ತೆ ಅಂತ ಜನ ತರ್ತಾರೆ. ಹೊರದೇಶದಲ್ಲಿ ಅದು ಶೋಕಿಯ ಪ್ರಾಣಿ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಒಂದೇ ಒಂದು ವ್ಯಾಪಾರ ಕೇಂದ್ರದ ಸುತ್ತ ವರ್ಷಕ್ಕೆ ಕನಿಷ್ಠ 55 ಸಾವಿರ ನಕ್ಷತ್ರ ಆಮೆ ಮರಿಗಳನ್ನ ಕಾಡಿನಿಂದ ಎತ್ತುತ್ತಾರೆ ಅಂತ ಲೆಕ್ಕ ಹಾಕಿತು. 2016ರ ಕೊನೆ, 2017ರ ಆರಂಭದಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ‘ಸೇವ್ ಕೂರ್ಮ’ ಕಾರ್ಯಾಚರಣೆ ಮಾಡಿದಾಗ, ಬೇರೆ ಬೇರೆ ಜಾತಿ ಸೇರಿ 15 ಸಾವಿರಕ್ಕೂ ಹೆಚ್ಚು ಜೀವಂತ ಆಮೆಗಳು ಸಿಕ್ಕವು.

ಒಂದು ಒಳ್ಳೆ ಸುದ್ದಿನೂ ಇದೆ. 2018ರ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳನ್ನ ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸ್ ತಂದರು. ನಮ್ಮಂಥ ಎನ್‌ಆರ್‌ಐಗಳು ಊರಿಗೆ ವಾಪಸ್ ಹೋಗೋ ಮಾತಾಡ್ತಾನೇ ಇರ್ತೀವಿ, ಅವು ಹೋಗೇಬಿಟ್ಟವು!

(ನಗು, ಚಪ್ಪಾಳೆ)

2019ರಲ್ಲಿ ಜಿನೀವಾದಲ್ಲಿ ನಡೆದ ಸೈಟಿಸ್ ಸಭೆಯಲ್ಲಿ ನಕ್ಷತ್ರ ಆಮೆ ಮೊದಲನೇ ಪಟ್ಟಿಗೆ ಏರಿತು. ನಮ್ಮ ಕಾಯ್ದೆಯಲ್ಲೂ ಈಗ ಅದು ಮೊದಲನೇ ಅನುಸೂಚಿಯ ಪ್ರಾಣಿ, ಹುಲಿಯ ಸಾಲಿನಲ್ಲಿ. ಶಿಕ್ಷೆ ಮೂರರಿಂದ ಏಳು ವರ್ಷ. ಇದಕ್ಕೆ ಪರಿವೇಶ್ ನೋಂದಣಿ ನಡೆಯಲ್ಲ, ಗೊಂದಲ ಮಾಡಿಕೊಳ್ಳಬೇಡಿ. ಆ ಪೋರ್ಟಲ್ ಹೊರದೇಶದ ಪ್ರಾಣಿಗಳಿಗೆ. ನಮ್ಮ ಆಮೆ, ನಮ್ಮ ಗಿಣಿ, ನಮ್ಮ ಮಣ್ಣುಮುಕ್ಕ ಹಾವು ಮನೇಲಿ ಇಟ್ಟುಕೊಳ್ಳೋಕೆ ದಾರಿ ಇಲ್ಲ. ಮಣ್ಣುಮುಕ್ಕ ಅಂದ್ರೆ ಇಲ್ಲಿ ಮರಾಠಿಯವರು ಮಾಂಡೂಳ ಅಂತಾರೆ, ಎರಡು ತಲೆ ಹಾವು ಅಂತ ಕೋಟಿ ಲೆಕ್ಕದಲ್ಲಿ ಬೆಲೆ ಹೇಳಿ ಮೋಸ ಮಾಡ್ತಾರಲ್ಲ, ಅದೇ. ಅದಕ್ಕೆ ಎರಡು ತಲೆಯೂ ಇಲ್ಲ, ನಿಧಿಯೂ ಗೊತ್ತಿಲ್ಲ. ಬಾಲ ಮೊಂಡು, ಅಷ್ಟೇ.

ಹೊರಗಿನವರು ಹೇಗೆ ಮಾಡ್ತಾರೆ

ಮತ್ತೆ ಹಾಮ್ ಊರಿಗೆ ಬರೋಣ. ಶ್ರೀಲಂಕಾದ ಕೊಂಬಿನ ಓತಿಕ್ಯಾತಗಳು ಆ ದೇಶ ಬಿಟ್ಟರೆ ಎಲ್ಲೂ ಇಲ್ಲ. ಅಲ್ಲಿನ ಕಾಯ್ದೆ ಪ್ರಕಾರ ಹೊರಗೆ ಕಳಿಸೋ ಹಾಗಿಲ್ಲ. ಆದ್ರೂ ಯುರೋಪಿನ ಮಾರುಕಟ್ಟೆಯಲ್ಲಿ ಬಹಿರಂಗವಾಗಿ ಸಿಗ್ತಿದ್ದವು. ಯಾಕೆ? ಸೈಟಿಸ್ ಪಟ್ಟಿಯಲ್ಲಿ ಇರಲಿಲ್ಲ. ಶ್ರೀಲಂಕಾದಲ್ಲಿ ಕಳ್ಳಮಾಲು, ಯುರೋಪಿನಲ್ಲಿ ಕಾನೂನಿನ ಮಾಲು. 2019ರ ಅದೇ ಜಿನೀವಾ ಸಭೆಯಲ್ಲಿ ಅವನ್ನೂ ಪಟ್ಟಿಗೆ ಸೇರಿಸಿದ ಮೇಲೆ ಅಧಿಕಾರಿಗಳಿಗೆ ಕಾಗದ ಕೇಳೋ ಹಕ್ಕು ಬಂತು.

ಅಮೆರಿಕದಲ್ಲಿ ಇನ್ನೊಂದು ತರಹ. 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಪರಿಸರ ಇಲಾಖೆಯವರು ‘ಆಪರೇಷನ್ ಶೆಲ್‌ಶಾಕ್’ ಅಂತ ಬಹಿರಂಗ ಮಾಡಿದರು. ಅಧಿಕಾರಿಗಳು ಗಿರಾಕಿಗಳ ವೇಷದಲ್ಲಿ ಸರೀಸೃಪ ಮೇಳಗಳಿಗೆ ಹೋಗಿ, ಕಾಡಿನಿಂದ ಕದ್ದ ಆಮೆ, ಹಾವುಗಳ ವ್ಯಾಪಾರ ದಾಖಲಿಸಿಕೊಂಡು ಬಂದಿದ್ದರು. ಹವ್ಯಾಸಿಗಳಿಗೆ ಸಿಟ್ಟು ಬಂತು, ಪಕ್ಕದಲ್ಲಿ ನಿಂತವನು ಗೆಳೆಯನೋ ಅಧಿಕಾರಿಯೋ ಅನ್ನೋ ಅನುಮಾನ ಹುಟ್ಟಿತು. ಆದ್ರೆ ಅಲ್ಲಿನವರು ಒಂದು ಕೆಲಸ ಮಾಡ್ತಾರೆ. ಸಂಘ ಕಟ್ತಾರೆ, ನಿಯಮ ಅತಿಯಾಯ್ತು ಅನ್ನಿಸಿದ್ರೆ ಕೋರ್ಟಿಗೆ ಹೋಗ್ತಾರೆ. ದೊಡ್ಡ ಹೆಬ್ಬಾವುಗಳನ್ನ ರಾಜ್ಯದಿಂದ ರಾಜ್ಯಕ್ಕೆ ಸಾಗಿಸೋದನ್ನ ತಡೆದ ನಿಯಮದ ವಿರುದ್ಧ 2017ರಲ್ಲಿ ಸಾಕುವವರ ಸಂಘವೇ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. ಗೆದ್ದಿದ್ದು ಸರಿಯೋ ತಪ್ಪೋ ಅದು ಬೇರೆ ಮಾತು. ಬೆಳಕಿನಲ್ಲಿ ನಿಂತು ವಾದ ಮಾಡಿದರು. ನಾವು ಗುಂಪು ಡಿಲೀಟ್ ಮಾಡಿದ್ವಿ.

ಬತ್ತೀಸ್ ಶಿರಾಳಾ ಹೇಳೋ ಪಾಠ

ಇನ್ನೊಂದು ಮಾತು ಹೇಳದೆ ಹೋದ್ರೆ ಈ ಭಾಷಣ ಅರ್ಧ. ಪುಣೆಯಿಂದ ಕೊಲ್ಹಾಪುರದ ದಾರೀಲಿ, ಸಾಂಗ್ಲಿ ಜಿಲ್ಲೆಯಲ್ಲಿ ಬತ್ತೀಸ್ ಶಿರಾಳಾ ಇದೆ. ನಾಗರಪಂಚಮಿಗೆ ನಾವು ಹುತ್ತಕ್ಕೆ, ಕಲ್ಲಿನ ನಾಗಪ್ಪಗೆ ಹಾಲೆರೆಯುತ್ತೇವೆ. ಅವರು ಜೀವಂತ ನಾಗರಹಾವನ್ನೇ ಪೂಜಿಸ್ತಿದ್ದರು. ಹಬ್ಬಕ್ಕೆ ಮುಂಚೆ ಹೊಲಗಳಲ್ಲಿ ಹಾವು ಹಿಡಿದು, ಮಡಕೆಯಲ್ಲಿ ಇಟ್ಟು, ಪಂಚಮಿ ದಿನ ಮೆರವಣಿಗೆ ಮಾಡಿ, ಆಮೇಲೆ ಬಿಡೋರು. ನಮ್ಮ ಭಾಗದಲ್ಲಿ ಅದಕ್ಕಿಂತ ದೊಡ್ಡ ಹಾವಿನ ಮೇಳ ಇರಲಿಲ್ಲ. ಬಾಂಬೆ ಹೈಕೋರ್ಟಿನ 2014ರ ಆದೇಶದ ನಂತರ ಅದು ನಿಂತಿತು. ಹಾವಿಗೆ ಆಗೋ ಹಿಂಸೆ ನೋಡಿದ್ರೆ ಕೋರ್ಟು ಹೇಳಿದ್ದರಲ್ಲಿ ನ್ಯಾಯ ಇದೆ. 2025ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ, ಸಾಂಪ್ರದಾಯಿಕ ಜ್ಞಾನದ ಉದ್ದೇಶಕ್ಕೆ ಅಂತ 21 ಹಾವು ಹಿಡಿಯೋಕೆ ಷರತ್ತಿನ ಅನುಮತಿ ಕೊಟ್ಟಿತು.

ಅದಕ್ಕೂ ಮೊದಲು 1972ರ ಕಾಯ್ದೆ ಯಾರ ಮೇಲೆ ಬಿತ್ತು? ಹಾವಾಡಿಗರ ಮೇಲೆ. ಬುಟ್ಟಿ, ಪುಂಗಿ ಹಿಡಕೊಂಡು ನಮ್ಮ ಬೀದಿಗೆ ಬರ್ತಿದ್ದ ಜನ. ಅವರ ಬುಟ್ಟಿಯ ಹಾವಿನ ಹಲ್ಲು ಕಿತ್ತಿರ್ತಿದ್ರು, ಬಾಯಿ ಹೊಲಿದಿರ್ತಿದ್ರು, ಅದು ನಿಲ್ಲಲೇಬೇಕಿತ್ತು. ಆದ್ರೆ ಅವರಿಗೆ ಆರು ತಿಂಗಳ ಪೋರ್ಟಲ್ ಯಾರೂ ತೆರೀಲಿಲ್ಲ. ಫ್ಲ್ಯಾಟಿನಲ್ಲಿ ಏಸಿ ಹಾಕಿ ಆಫ್ರಿಕಾದ ಹಾವು ಸಾಕೋ ನಮಗೆ, ಕಾಗದ ಇಲ್ಲದಿದ್ರೂ ಹೇಳಿಕೊಳ್ಳಿ ಅಂದರು. ಹೊಟ್ಟೆಪಾಡಿಗೆ ಹಾವು ಹಿಡಿದವನು ಸ್ಟೇಷನ್‌ಗೆ ಹೋದ, ಶೋಕಿಗೆ ಹಾವು ಹಿಡಿದವನಿಗೆ ಅರ್ಜಿ ನಮೂನೆ ಸಿಕ್ಕಿತು. ನಮಗೆ ಸಿಕ್ಕಿದ್ದನ್ನ ಕಿರುಕುಳ ಅಂತ ಕರೆಯೋ ಮೊದಲು ಇದನ್ನ ಒಂದು ಸಲ ಯೋಚಿಸಬೇಕು.

ಹಾಗಂತ ಸರ್ಕಾರದ ಕಡೆ ಎಲ್ಲಾ ಸರಿಯಿದೆ ಅಂತಲ್ಲ. ನಿಯಮ ಬಂದದ್ದು ಗೆಜೆಟ್‌ನಲ್ಲಿ. ಪೆಟ್ ಅಂಗಡಿಯ ಗೋಡೆ ಮೇಲೆ ಕನ್ನಡದಲ್ಲೋ ಮರಾಠಿಯಲ್ಲೋ ಒಂದು ಭಿತ್ತಿಪತ್ರ ನಾನು ನೋಡಲಿಲ್ಲ. ಜನರಿಗೆ ಗೊತ್ತಾಗಿದ್ದು ಕಾಯ್ದೆಯಿಂದಲ್ಲ, ವದಂತಿಯಿಂದ. ಎರಡನೇದು ಜಾಗ. ಹಿಡಿದ ಪ್ರಾಣಿಯನ್ನ ಎಲ್ಲಿ ಇಡ್ತೀರಿ? ಬನ್ನೇರುಘಟ್ಟ, ಕಾತ್ರಜ್‌ನಂಥ ಮೃಗಾಲಯಗಳೂ, ಗಾಯಗೊಂಡ ವನ್ಯಪ್ರಾಣಿಗಳನ್ನ ನೋಡೋ ನಮ್ಮ ಬಾವಧನ್‌ನ ಚಿಕಿತ್ಸಾ ಕೇಂದ್ರದಂಥವೂ ಎಷ್ಟು ಅಂತ ತುಂಬಿಸಿಕೊಳ್ಳುತ್ತವೆ? ಕದ್ದು ತಂದವನಿಗೂ, ಅರಿಯದೆ ಕೊಂಡು ಹತ್ತು ವರ್ಷ ಚೆನ್ನಾಗಿ ನೋಡಿಕೊಂಡವನಿಗೂ ವ್ಯತ್ಯಾಸ ಕಾಣೋ ಕಣ್ಣು ಜಾರಿ ಮಾಡುವವರಿಗೆ ಬೇಕು. ಆ ಕಣ್ಣಿಗೆ ಕಾಣೋ ಹಾಗೆ ಬೆಳಕಿನಲ್ಲಿ ನಿಲ್ಲೋ ಧೈರ್ಯ ನಮಗೆ ಬೇಕು.

ನೀವು ಮಾಡಬಹುದಾದದ್ದು

ಚಿಕ್ಕದಾಗಿ ಹೇಳ್ತೀನಿ. ನಾನು ವಕೀಲ ಅಲ್ಲ, ನಿಮ್ಮ ಸಂಗತಿ ಗಂಭೀರ ಇದ್ರೆ ವಕೀಲರನ್ನ ಕೇಳಿ.

ನಿಮ್ಮ ಪ್ರಾಣಿ ಯಾವುದು ಅಂತ ಸರಿಯಾಗಿ ಗುರುತಿಸಿ. ಅಂಗಡಿಯವನು ಹೇಳಿದ ಹೆಸರು ನಂಬಬೇಡಿ. ನಮ್ಮ ದೇಶದ್ದಾದರೆ ಅರಣ್ಯ ಇಲಾಖೆಗೆ ಒಪ್ಪಿಸೋದೇ ದಾರಿ. 1926 ಸಹಾಯವಾಣಿ, ಮಹಾರಾಷ್ಟ್ರದಲ್ಲೂ ಅದೇ, ಕರ್ನಾಟಕದಲ್ಲೂ ಅದೇ. ಹೊರದೇಶದ್ದಾಗಿ ಸೈಟಿಸ್ ಪಟ್ಟಿಯಲ್ಲಿದ್ರೆ ನೋಂದಣಿ. ಹೊಸದಾಗಿ ನಿಮ್ಮ ಕೈಗೆ ಬಂದರೆ 30 ದಿನದೊಳಗೆ. ಕೊಟ್ಟವರ ನೋಂದಣಿ ಪತ್ರ ಇಲ್ಲದೆ ಪ್ರಾಣಿ ತೆಗೆದುಕೊಳ್ಳಬೇಡಿ. ಡಾಕ್ಟರ ಚೀಟಿ, ಹಳೇ ಫೋಟೊ, ಎಲ್ಲಾ ಇಟ್ಟುಕೊಳ್ಳಿ. ಏನೇ ಆಗಲಿ, ಹೊಳೆಗೆ, ಕೆರೆಗೆ, ಗುಡ್ಡಕ್ಕೆ ಬಿಡಬೇಡಿ.

ಇಷ್ಟೇ. ಪ್ರಶ್ನೆ ಇದ್ರೆ ಕೇಳಿ.

ಪ್ರಶ್ನೋತ್ತರ

*ಸರ್, ನಮ್ಮ ಅತ್ತೆಯವರ ಮನೇಲಿ, ಧಾರವಾಡದಲ್ಲಿ, ಹದಿನೈದು ವರ್ಷದಿಂದ ಗಿಣಿ ಸಾಕಿದ್ದಾರೆ. ಅದು ಮಾತಾಡುತ್ತೆ. ಕೊಟ್ಟುಬಿಡಿ ಅಂದ್ರೆ ಅವರು ಊಟ ಬಿಡ್ತಾರೆ.*

ನಿಮ್ಮ ಕಷ್ಟ ಅರ್ಥ ಆಗುತ್ತೆ ಮೇಡಂ. ಕಾಯ್ದೆಯಲ್ಲಿ ಆ ಗಿಣಿಗೆ ಜಾಗ ಇಲ್ಲ, ಅದನ್ನ ನಾನು ಮುಚ್ಚಿಡಲ್ಲ. ಪಂಜರದ ಬಾಗಿಲು ತೆಗೆದು ಹಾರಿಬಿಡೋದು ಮಾತ್ರ ಬೇಡ, ಹದಿನೈದು ವರ್ಷ ಪಂಜರದಲ್ಲಿದ್ದ ಹಕ್ಕಿ ಎರಡು ದಿನ ಬದುಕಲ್ಲ. ಅಮ್ಮನವರ ಜೊತೆ ಕೂತು ಮಾತಾಡಿ, ಅಲ್ಲಿನ ಅರಣ್ಯ ಕಚೇರಿಗೆ ನೀವೇ ಹೋಗಿ. ತಾವಾಗಿ ಬಂದವರನ್ನ ನೋಡೋ ರೀತಿಗೂ, ದೂರು ಬಂದ ಮೇಲೆ ನೋಡೋ ರೀತಿಗೂ ವ್ಯತ್ಯಾಸ ಇರುತ್ತೆ. ಮತ್ತೆ ಇನ್ನೊಂದು ಗಿಣಿ ತರಬೇಡಿ.

*ಅಮೆರಿಕದಿಂದ ಬರುವಾಗ ಅಲ್ಲಿ ಸಾಕಿದ ಹಾವು ತರಬಹುದಾ?*

ವಿದೇಶ ವ್ಯಾಪಾರ ಇಲಾಖೆಯ ಪರವಾನಗಿ, ಸೈಟಿಸ್ ಪತ್ರ, ಪ್ರಾಣಿ ಕ್ವಾರಂಟೈನ್‌ನವರ ಅನುಮತಿ ಇವೆಲ್ಲ ಬೇಕು. ಅಲ್ಲಿ ಒಳ್ಳೆ ಮನೆ ಹುಡುಕಿ ಕೊಟ್ಟು ಬನ್ನಿ ಅನ್ನೋದು ನನ್ನ ಸಲಹೆ.

*ಆ ಹುಡುಗನ ಇಗುವಾನಾ ಏನಾಯ್ತು?*

ವಿಶ್ರಾಂತವಾಡಿಯಲ್ಲೇ ಇದೆ. ರೂಮ್‌ಮೇಟ್‌ಗಳು ಇಬ್ಬರು ಬದಲಾದರು. ಹುಡುಗ ಈಗ ಬೇರೆಯವರಿಗೆ ಅರ್ಜಿ ತುಂಬೋಕೆ ಸಹಾಯ ಮಾಡ್ತಾನೆ, ನನಗಿಂತ ಚೆನ್ನಾಗಿ ಪೋರ್ಟಲ್ ಗೊತ್ತು ಅವನಿಗೆ. ಮದುವೆ ಮಾತುಕತೆ ನಡೀತಿದೆಯಂತೆ. ಹುಡುಗಿ ಮನೆಯವರಿಗೆ ಇಗುವಾನಾ ವಿಷಯ ಇನ್ನೂ ಹೇಳಿಲ್ಲ. ಅದಕ್ಕೆ ಯಾವ ಪೋರ್ಟಲ್ಲೂ ಇಲ್ಲ ನೋಡಿ.

(ನಗು)

ಕಾಫಿ ಇದೆ, ಕುಡಿದೇ ಹೋಗಿ.